ಸಾವಿರವೆಂದರೆ ಎಷ್ಟು?

ಪೇಟೆಯಿಂದ ಒಂದು ಹಾರ್ಡ್ ಡಿಸ್ಕನ್ನು ಕೊಂಡು ತಂದು ಮನೆಯ ಕಂಪ್ಯೂಟರಿಗೆ ಜೋಡಿಸಿದವರ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನ ಹುಟ್ಟುವುದುಂಟು. ಪೆಟ್ಟಿಗೆಯ ಮೇಲೆ 500 ಗಿಗಾಬೈಟು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ವಿಂಡೋಸ್ ಇರುವ ಕಂಪ್ಯೂಟರು ಅದನ್ನೇ ಅಳೆದು 465 ಗಿಗಾಬೈಟು ಎನ್ನುತ್ತದೆ. ಉಳಿದ ಮೂವತ್ತೈದು ಎಲ್ಲಿ ಹೋಯಿತು? ತೊಗರಿಬೇಳೆಯ ಮೂಟೆಯಲ್ಲಿ ಇಷ್ಟು ಕಡಮೆ ಬಂದಿದ್ದರೆ ನಾವು ಅಂಗಡಿಗೆ ಮರಳಿ ಹೋಗಿ ತಕ್ಕಡಿಯ ಕಡೆ ಬೆರಳು ತೋರಿಸುತ್ತಿದ್ದೆವು. ಇಲ್ಲಿ ತೋರಿಸಲು ತಕ್ಕಡಿಯೂ ಇಲ್ಲ, ಕಲ್ಲೂ ಇಲ್ಲ. ಬಲ್ಲವರೊಬ್ಬರನ್ನು ಕೇಳಿದರೆ, “ಅದು ಹಾಗೆಯೇ, ಎರಡೂ ಸರಿ” ಎಂದು ನಕ್ಕು ಸುಮ್ಮನಾಗುತ್ತಾರೆ.

ಎರಡೂ ಸರಿ ಎಂಬ ಆ ಮಾತು ಲೆಕ್ಕದ ದೃಷ್ಟಿಯಿಂದ ಬಹುಮಟ್ಟಿಗೆ ನಿಜ. ಆದರೆ ಕೇಳಿದವನಿಗೆ ಅದರಿಂದ ಸಮಾಧಾನವಾಗುವುದಿಲ್ಲ. ಆಡಿದ ಪ್ರತಿಯೊಂದು ಮಾತೂ ಸತ್ಯವಾಗಿದ್ದು, ಕೇಳಿದವನು ಮಾತ್ರ ಮೋಸಹೋದಂತೆ ಭಾವಿಸುವುದಾದರೆ, ಅಲ್ಲಿ ತಪ್ಪು ನಡೆಯಿತೆ, ಇಲ್ಲವೆ? ನಡೆದಿದ್ದರೆ ಅದು ಯಾರದು? ಪ್ರಶ್ನೆ ಡಿಸ್ಕಿಗಿಂತ ಹಳೆಯದು. ಅಳೆದು ಕೊಡುವವನೂ ಅಳೆಸಿಕೊಳ್ಳುವವನೂ ಎದುರುಬದರಾಗಿ ನಿಂತ ದಿನದಿಂದ ಅದು ನಮ್ಮೊಡನೆ ಇದೆ.

ಮೊದಲು ಲೆಕ್ಕವನ್ನು ನೋಡಿಬಿಡೋಣ. ಕಂಪ್ಯೂಟರಿನ ಎಲ್ಲ ವ್ಯವಹಾರವೂ ‘ಹೌದು’ ಅಥವಾ ‘ಇಲ್ಲ’ ಎಂಬ ಎರಡೇ ಉತ್ತರಗಳ ಮೇಲೆ ನಿಂತದ್ದು. ಅಂಥ ಒಂದು ಉತ್ತರಕ್ಕೆ ಬಿಟ್ ಎಂದು ಹೆಸರು. ಕ್ಲಾಡ್ ಶಾನನ್ 1948ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಈ ಪದವನ್ನು ಬಳಕೆಗೆ ತಂದ. ಬಿಟ್ಟುಗಳ ಒಂದು ಗುಂಪಿಗೆ ಬೈಟ್ ಎಂಬ ಹೆಸರನ್ನು ಕೊಟ್ಟವನು ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಟ್ಸ್, 1956ರಲ್ಲಿ. ಈಗ ಎಂಟು ಬಿಟ್ಟುಗಳಿಗೆ ಒಂದು ಬೈಟು ಎಂಬುದು ರೂಢಿ. ಎರಡೇ ಉತ್ತರಗಳ ಮೇಲೆ ನಿಂತ ಯಂತ್ರದಲ್ಲಿ ಎಣಿಕೆ ಹತ್ತು ಹತ್ತಾಗಿ ಬೆಳೆಯದೆ ಇಮ್ಮಡಿಯಾಗುತ್ತ ಹೋಗುತ್ತದೆ. ಚದುರಂಗದ ಮಣೆಯ ಮೇಲೆ ಮನೆಮನೆಗೂ ಕಾಳನ್ನು ಇಮ್ಮಡಿಸುತ್ತ ಹೋದವನ ಕತೆಯನ್ನು ಯಾರು ಕೇಳಿಲ್ಲ? ಒಂದು ಕಾಳನ್ನು ಹತ್ತು ಸಲ ಇಮ್ಮಡಿಸಿದರೆ 1024 ಆಗುತ್ತದೆ. ಕಂಪ್ಯೂಟರಿನ ನೆನಪಿನ ಮನೆಗಳನ್ನು ಕಟ್ಟಿದವರಿಗೆ ಈ 1024 ಸಹಜವಾಗಿ ಕೈಗೆ ಸಿಕ್ಕ ಸಂಖ್ಯೆ. ಅದು ಸಾವಿರಕ್ಕೆ ತೀರ ಹತ್ತಿರ. ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ಅವರು ಅದನ್ನು ‘ಕಿಲೋ’ ಎಂದರು.

ಕಿಲೋ ಎಂಬ ಮಾತಿಗಾದರೋ ಆಗಲೇ ಒಬ್ಬ ಯಜಮಾನನಿದ್ದ. ಗ್ರೀಕರ ಭಾಷೆಯಲ್ಲಿ ಸಾವಿರವೆಂಬ ಅರ್ಥವಿದ್ದ ಪದದಿಂದ ಅದು ಬಂದದ್ದು. 1795ರಲ್ಲಿ ಫ್ರಾನ್ಸಿನಲ್ಲಿ ಮೆಟ್ರಿಕ್ ಪದ್ಧತಿ ಶಾಸನವಾದಂದಿನಿಂದ ಕಿಲೋ ಎಂದರೆ ಸಾವಿರ. ಒಂದು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಹೀಗೆ ಒಂದೇ ಹೆಸರಿನ ಕೆಳಗೆ ಎರಡು ಅಳತೆಗಳು ಸಂಸಾರ ಹೂಡಿದವು.

ಇಮ್ಮಡಿಯ ಲೆಕ್ಕ ನಮಗೇನೂ ಹೊರಗಿನದಲ್ಲ. ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧದ ಅರ್ಧವನ್ನು ಹಿಡಿದು ಹೋಗುತ್ತಿದ್ದದ್ದು ನಮ್ಮ ಹಿರಿಯರ ಲೆಕ್ಕ. ಹದಿನಾರು ಆಣೆಯ, ಅರವತ್ತುನಾಲ್ಕು ಪೈಸೆಯ ಹಳೆಯ ರೂಪಾಯಿ ಅದೇ ಮನೆತನದ್ದು. ಎರಡರ ಲೆಕ್ಕಕ್ಕೆ ಹತ್ತರ ಲೆಕ್ಕದ ಹೆಸರನ್ನು ಇಟ್ಟದ್ದರಿಂದ ತೊಡಕು ಬಂತು.

ಮೊದಮೊದಲು ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಸಾವಿರಕ್ಕೆ ಇಪ್ಪತ್ತನಾಲ್ಕು ಹೆಚ್ಚು ಎಂದರೆ ನೂರಕ್ಕೆ 2.4. ಅಷ್ಟನ್ನು ಅಂಗಡಿಯವನು ಕೊಸರು ಹಾಕಿದಂತೆ ಮರೆತುಬಿಡಬಹುದು. ಆದರೆ ಕಿಲೋದಿಂದ ಮೆಗಾ, ಮೆಗಾದಿಂದ ಗಿಗಾ, ಗಿಗಾದಿಂದ ಟೆರಾ ಎಂದು ಮೆಟ್ಟಲು ಮೆಟ್ಟಲಾಗಿ ಏರುವಾಗ ಈ ಇಪ್ಪತ್ತನಾಲ್ಕು ತಾನೂ ಜೊತೆಗೆ ಏರುತ್ತದೆ. ಮೆಗಾ ಎಂದರೆ ಒಂದು ಲೆಕ್ಕದಲ್ಲಿ 10 ಲಕ್ಷ, ಇನ್ನೊಂದರಲ್ಲಿ 10,48,576; ವ್ಯತ್ಯಾಸ ನೂರಕ್ಕೆ 4.86. ಗಿಗಾ ಎಂದರೆ ಒಂದರಲ್ಲಿ 100 ಕೋಟಿ, ಇನ್ನೊಂದರಲ್ಲಿ 107 ಕೋಟಿ 37 ಲಕ್ಷ 41 ಸಾವಿರದ 824, ನೂರಕ್ಕೆ 7.37. ಟೆರಾಕ್ಕೆ ಬರುವಾಗ ನೂರಕ್ಕೆ 9.95. ಅದರ ಮೇಲಿನ ಪೆಟಾದಲ್ಲಿ ಅದು 12.59 ಆಗುತ್ತದೆ. ‘ಹೆಚ್ಚುಕಡಮೆ ಅಷ್ಟೇ’ ಎಂದು ಒಮ್ಮೆ ಒಪ್ಪಿಕೊಂಡ ಮಾತು ನಾವು ಬೆಳೆದಂತೆಲ್ಲ ನಮಗಿಂತ ಬೇಗ ಬೆಳೆಯುತ್ತದೆ. ಸಣ್ಣ ವ್ಯವಹಾರದಲ್ಲಿ ಸೌಜನ್ಯವೆನಿಸಿದ ಅಲಕ್ಷ್ಯ ದೊಡ್ಡ ವ್ಯವಹಾರದಲ್ಲಿ ನಷ್ಟವಾಗಿ ನಿಲ್ಲುತ್ತದೆ. ಕುಟುಂಬಗಳ ಆಸ್ತಿ ವಿಭಾಗದಲ್ಲಿ ಇದನ್ನು ಕಂಡವರು ಕಡಮೆಯಿಲ್ಲ.

ಹಾಗಾದರೆ ಡಿಸ್ಕು ಮಾರಿದವನು ಮೋಸಗಾರನೆ? ಪ್ರಥಮ ನೋಟಕ್ಕೆ ಹಾಗೆ ತೋರುತ್ತದೆ. ವಿಚಾರಿಸಿ ನೋಡಿದರೆ ಪ್ರಕರಣ ತಿರುಗಿಬಿಡುತ್ತದೆ. ಅವನು 500 ಗಿಗಾ ಎಂದದ್ದು 50,000 ಕೋಟಿ ಬೈಟು ಎಂಬ ಅರ್ಥದಲ್ಲಿ. ಡಿಸ್ಕಿನಲ್ಲಿ ಅಷ್ಟು ಬೈಟುಗಳೂ ಇವೆ. ಗಿಗಾ ಎಂಬ ಪದಕ್ಕೆ ಅಂತರರಾಷ್ಟ್ರೀಯ ಮಾನಪದ್ಧತಿಯಲ್ಲಿ ಇರುವ ಅರ್ಥವೂ ಅದೇ. ಅದೇ 50,000 ಕೋಟಿಯನ್ನು 107 ಕೋಟಿ ಚಿಲ್ಲರೆಯಿಂದ ಭಾಗಿಸಿ 465 ಎಂದು ತೋರಿಸಿ, ಅದರ ಮುಂದೆ ಗಿಗಾ ಎಂದು ಬರೆದದ್ದು ಕಂಪ್ಯೂಟರು. ಪದವನ್ನು ಸಡಿಲವಾಗಿ ಬಳಸಿದ್ದು ಆರೋಪಿಯಲ್ಲ, ಸಾಕ್ಷಿ! ಆದರೆ ಸಾಕ್ಷಿಯ ಪಕ್ಷದಲ್ಲಿಯೂ ನ್ಯಾಯವಿದೆ. ಕಂಪ್ಯೂಟರಿನ ಒಳಗಿನ ನೆನಪನ್ನು ಎಲ್ಲರೂ ಇಮ್ಮಡಿಯ ಲೆಕ್ಕದಲ್ಲಿಯೇ ಅಳೆಯುತ್ತ ಬಂದಿದ್ದಾರೆ. ಎಂಟು ಗಿಗಾ ಮೆಮೊರಿ ಎಂದು ಅಂಗಡಿಯಲ್ಲಿ ಮಾರುವುದು ಇಂದಿಗೂ ಆ ದೊಡ್ಡ ಗಿಗಾದಲ್ಲಿ. ಒಂದೇ ಅಂಗಡಿಯ ಒಂದೇ ಗಾಜಿನ ಕಪಾಟಿನಲ್ಲಿ ಮೆಮೊರಿ ಒಂದು ಗಿಗಾದಲ್ಲಿ, ಡಿಸ್ಕು ಇನ್ನೊಂದು ಗಿಗಾದಲ್ಲಿ ಕುಳಿತಿರುತ್ತವೆ.

ಈ ಗೊಂದಲ ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಹಿಂದಿನ ಫ್ಲಾಪಿಯೇ ಸಾಕ್ಷಿ. ಮೂರೂವರೆ ಅಂಗುಲದ ಆ ಚೌಕದ ಮೇಲೆ 1.44 ಮೆಗಾಬೈಟು ಎಂದು ಬರೆದಿರುತ್ತಿತ್ತು. ಅದರೊಳಗೆ ಇದ್ದದ್ದು 14,74,560 ಬೈಟು. ಹತ್ತರ ಲೆಕ್ಕದಲ್ಲಿ ಅದು 1.47 ಮೆಗಾ, ಎರಡರ ಲೆಕ್ಕದಲ್ಲಿ 1.41. ಬರೆದ 1.44 ಎರಡಕ್ಕೂ ಸಲ್ಲದು. 1024ನ್ನು ಸಾವಿರದಿಂದ ಗುಣಿಸಿ ಅದನ್ನೊಂದು ಮೆಗಾ ಎಂದು ಕರೆದು, ಆ ಮಿಶ್ರಸಂತಾನದಿಂದ ಅಳೆದದ್ದು! ಲೋಕವೆಲ್ಲ ಆ ಅಂಕಿಯನ್ನು ವರ್ಷಗಟ್ಟಲೆ ನಂಬಿ ವ್ಯವಹರಿಸಿತು.

ವಿಷಯ ನ್ಯಾಯಾಲಯಕ್ಕೂ ಹೋಯಿತು. ಅಮೆರಿಕದಲ್ಲಿ ಕೊಂಡವರು ಹೂಡಿದ ವ್ಯಾಜ್ಯವನ್ನು ವೆಸ್ಟರ್ನ್ ಡಿಜಿಟಲ್ ಸಂಸ್ಥೆ 2006ರಲ್ಲಿ ಒಂದು ಸಾಫ್ಟ್‌ವೇರನ್ನು ಪುಕ್ಕಟೆಯಾಗಿ ಕೊಟ್ಟು ರಾಜಿಮಾಡಿಕೊಂಡಿತು. ಸೀಗೇಟ್ ಸಂಸ್ಥೆ 2007ರಲ್ಲಿ, ಸಾಫ್ಟ್‌ವೇರ್ ಇಲ್ಲವೆ ಬೆಲೆಯಲ್ಲಿ ನೂರಕ್ಕೆ ಐದರಷ್ಟು ಹಣ ಎಂದು ರಾಜಿಗೆ ಬಂತು. ಕಾಲ ಕಳೆಯಿತು. ಪೆಟ್ಟಿಗೆಗಳ ಮೇಲೆ, ಒಂದು ಗಿಗಾಬೈಟು ಎಂದರೆ ನೂರು ಕೋಟಿ ಬೈಟು ಎಂಬ ವಿವರಣೆ ಸಣ್ಣಕ್ಷರದಲ್ಲಿ ಸೇರಿಕೊಂಡಿತು. ಸ್ಯಾನ್‌ಡಿಸ್ಕ್ ಸಂಸ್ಥೆಯ ಮೇಲೆ ಇಂಥದೇ ಮೊಕದ್ದಮೆ ಬಂದಾಗ 2020ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಅದನ್ನು ವಜಾಮಾಡಿತು. ಪೆಟ್ಟಿಗೆಯ ಮೇಲೆಯೇ ಅರ್ಥವನ್ನು ಹೇಳಿದ್ದಾಗಿದೆಯಲ್ಲ!

ಕಾನೂನಿಗೆ ಅಷ್ಟು ಸಾಕು. ಧರ್ಮಕ್ಕೆ ಸಾಕೆ? ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಕೇಳಿದೊಡನೆ ಯಾರಿಗೇ ಆಗಲಿ ಕುರುಕ್ಷೇತ್ರದ ಹದಿನೈದನೆಯ ದಿನ ನೆನಪಾಗದೆ ಇರದು. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜ. ಧರ್ಮರಾಯ ಆನೆ ಎಂಬ ಮಾತನ್ನು ಹೇಳಿದ್ದೂ ನಿಜ. ದ್ರೋಣನ ಕಿವಿಗೆ ಬೀಳದ ಹಾಗೆ ಹೇಳಿದ, ಅಷ್ಟೇ. ಅಲ್ಲಿಯವರೆಗೆ ನೆಲಕ್ಕೆ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದ ಅವನ ರಥ ಆ ಕ್ಷಣವೇ ನೆಲಕ್ಕಿಳಿಯಿತೆಂದು ಕತೆ. ವ್ಯಾಸರ ತಕ್ಕಡಿಯಲ್ಲಿ ಮಾತಿನ ತೂಕದ ಜೊತೆಗೆ ಅದು ಕೇಳುವವನನ್ನು ಹೇಗೆ ಮುಟ್ಟಿತೆಂಬುದಕ್ಕೂ ತೂಕವಿದೆ. ಪೆಟ್ಟಿಗೆಯ ಸಣ್ಣಕ್ಷರವನ್ನು ಕಂಡಾಗಲೆಲ್ಲ ಆ ತಗ್ಗಿದ ದನಿ ಕೇಳಿಸುತ್ತದೆ. ಇದು ದೊಡ್ಡ ಪಾಪವೆಂದು ನಾನು ಹೇಳುವುದಿಲ್ಲ. ಡಿಸ್ಕಿಗಾಗಿ ಯಾರೂ ಪ್ರಾಣ ಬಿಟ್ಟಿಲ್ಲ. ಆದರೆ ಜಾತಿ ಅದೇ.

ಇಲ್ಲಿ ಒಬ್ಬ ತಾರ್ಕಿಕ ಎದ್ದು ನಿಂತು, “ಸ್ವಾಮಿ, ಇಷ್ಟೆಲ್ಲ ಯಾಕೆ? ಬೈಟುಗಳು ಒಂದೂ ಕಡಮೆಯಾಗಿಲ್ಲ. ಆರಡಿಯ ಮನುಷ್ಯನನ್ನು ಎರಡು ಗಜ ಎಂದ ಮಾತ್ರಕ್ಕೆ ಅವನು ಕುಳ್ಳನಾಗುವನೆ?” ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಡಿ, ಗಜ ಎಂಬ ಬೇರೆ ಬೇರೆ ಹೆಸರುಗಳಿದ್ದರೆ ಅವನ ಮಾತು ಸರಿ. ಎರಡಕ್ಕೂ ಗಜವೆಂದೇ ಹೆಸರಿದ್ದರೆ ಏನಾಗುತ್ತದೆ? ಒಂದು ಪುಸ್ತಕಭಂಡಾರದವರು ತಮ್ಮ ಓಲೆಗರಿಗಳ ಚಿತ್ರಗಳನ್ನೆಲ್ಲ ತೆಗೆದು ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆಂದು ಭಾವಿಸಿ. ಪರದೆ 950 ಗಿಗಾ ಎನ್ನುತ್ತದೆ. ಇನ್ನೊಂದು ಪ್ರತಿ ಇರಲೆಂದು ಅವರು ಒಂದು ಟೆರಾಬೈಟಿನ, ಎಂದರೆ ಸಾವಿರ ಗಿಗಾದ, ಡಿಸ್ಕನ್ನು ತರುತ್ತಾರೆ. ಐವತ್ತು ಉಳಿಯುತ್ತದೆಂದು ಅವರ ಎಣಿಕೆ. ಡಿಸ್ಕಿನಲ್ಲಿ ಇರುವುದು ಒಂದು ಲಕ್ಷ ಕೋಟಿ ಬೈಟು; ಆ ಚಿತ್ರಗಳಿಗೆ ಬೇಕಾದದ್ದು ಒಂದು ಲಕ್ಷದ ಎರಡು ಸಾವಿರ ಕೋಟಿಗೂ ಹೆಚ್ಚು. ಪ್ರತಿ ಕೊನೆಯ ಹಂತದಲ್ಲಿ ನಿಂತುಬಿಡುತ್ತದೆ. ರಾತ್ರಿ ಯಂತ್ರವನ್ನು ನಡೆಯಲು ಬಿಟ್ಟು ಮನೆಗೆ ಹೋದವನು ಎಲ್ಲವೂ ಸೇರಿತೆಂದು ನಂಬಿದ್ದರೆ, ಉಳಿದುಹೋದ ಗರಿಗಳು ಯಾವುವೆಂದು ತಿಳಿಯುವುದು ಮೂಲ ಹಾಳಾದ ದಿನ. ಬೈಟು ಕಡಮೆಯಾಗದಿದ್ದರೂ ಗ್ರಂಥ ಕಡಮೆಯಾಗುತ್ತದೆ.

ಒಂದು ಪದಕ್ಕೆ ಎರಡು ಅರ್ಥವಿರುವುದು ಭಾಷೆಗೆ ಹೊಸದಲ್ಲ. ‘ಮಾನ’ ಎಂದರೆ ಅಳತೆಯೂ ಹೌದು, ಮರ್ಯಾದೆಯೂ ಹೌದು; ಸಂಸ್ಕೃತದಲ್ಲಿ ಅವುಗಳ ಧಾತುಗಳೇ ಬೇರೆ. ಉಷ್ಣಮಾನ ಎಂದಾಗ ಯಾರೂ ಮರ್ಯಾದೆಯನ್ನು ನೆನೆಯುವುದಿಲ್ಲ, ಮಾನನಷ್ಟ ಎಂದಾಗ ಯಾರೂ ಗಜಕೋಲನ್ನು ಹುಡುಕುವುದಿಲ್ಲ. ಅರ್ಥಗಳ ಮನೆಗಳು ದೂರದೂರ ಇರುವುದರಿಂದ ಜಗಳವಿಲ್ಲ. ಎರಡು ಗಿಗಾಗಳು ಇರುವುದು ಒಂದೇ ಮನೆಯಲ್ಲಿ, ಒಂದೇ ವಾಕ್ಯದಲ್ಲಿ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಹೇಳುವ ನಮ್ಮಂಥವರ ಉಪಾಯ ಇಲ್ಲಿ ನಡೆಯುವುದಿಲ್ಲ.

ಹಳಬರಿಗೆ ಈ ಇಕ್ಕಟ್ಟು ಗೊತ್ತಿತ್ತು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ರೋಣವೆಂಬ ಅಳತೆಗೆ ನಾಲ್ಕು ಪ್ರಮಾಣಗಳಿವೆ. ರಾಜಾದಾಯಕ್ಕೆ ತೆಗೆದುಕೊಳ್ಳುವಾಗ 200 ಪಲ, ವ್ಯಾಪಾರದಲ್ಲಿ 187½, ಆಳುಕಾಳುಗಳಿಗೆ ಕೊಡುವಾಗ 175, ಅಂತಃಪುರಕ್ಕೆ 162½. ಬರುವಾಗ ದೊಡ್ಡ ಕೊಳಗ, ಹೋಗುವಾಗ ಸಣ್ಣ ಕೊಳಗ! ಕೌಟಿಲ್ಯನ ಬಿಗಿಮುಷ್ಟಿಯನ್ನು ನಾವು ಮೆಚ್ಚಬೇಕಾಗಿಲ್ಲ. ಆದರೂ ಅವನು ಒಂದನ್ನು ಮರೆಯಲಿಲ್ಲ: ನಾಲ್ಕಕ್ಕೂ ಬೇರೆ ಬೇರೆ ವಿಶೇಷಣ ಕೊಟ್ಟು, ಯಾವುದು ಯಾವುದೆಂದು ಬರೆದಿಟ್ಟ. ನಮ್ಮ ಸಂತೆಗಳಲ್ಲಿಯೂ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವಿತ್ತು. ಸೇರು ಎರಡಾದರೆ ಹೆಸರೂ ಎರಡಾಗಬೇಕೆಂಬ ವಿವೇಕ ಸಂತೆಗೆ ಬಂದ ಒಕ್ಕಲಿಗನಿಗೂ ಇತ್ತು.

ಇದಕ್ಕಿಂತ ಉತ್ತಮವಾದ ನಿದರ್ಶನ 1957ರದು. ಆ ವರ್ಷದ ಏಪ್ರಿಲ್ ಒಂದರಂದು ದಶಮಾನ ನಾಣ್ಯ ಬಂತು. ರೂಪಾಯಿಗೆ 64 ಪೈಸೆ ಹೋಗಿ 100 ಆಯಿತು. ಎರಡಕ್ಕೂ ಪೈಸೆ ಎಂದೇ ಹೆಸರಿಟ್ಟಿದ್ದರೆ ಮುದುಕಿಯರು ಸೊಪ್ಪು ಮಾರಿ ಬದುಕುವುದು ಕಷ್ಟವಾಗುತ್ತಿತ್ತು. ಸರ್ಕಾರ ಹೊಸದನ್ನು ‘ನಯಾ ಪೈಸೆ’ ಎಂದು ಕರೆಯಿತು. ಒಂದು ಆಣೆಗೆ ಆರು, ಎರಡಕ್ಕೆ ಹನ್ನೆರಡು, ಮೂರಕ್ಕೆ ಹತ್ತೊಂಬತ್ತು, ನಾಲ್ಕಕ್ಕೆ ಇಪ್ಪತ್ತೈದು ಎಂದು ಪರಿವರ್ತನೆಯ ಪಟ್ಟಿ ಪ್ರಕಟವಾಯಿತು. ಆಣೆಯೊಂದಕ್ಕೆ ನಿಜವಾದ ಲೆಕ್ಕ ಆರೂಕಾಲು. ಆ ಕಾಲು ಎಲ್ಲಿ ಬಿಡಲಾಗಿದೆ, ಎಲ್ಲಿ ಸೇರಿಸಲಾಗಿದೆ ಎಂಬುದು ಪಟ್ಟಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿತ್ತು. ಹಳೆಯ ಪೈಸೆ ಮರೆಯಾದ ಮೇಲೆ, 1964ರ ಜೂನಿನಲ್ಲಿ, ‘ನಯಾ’ ಎಂಬ ಮಾತನ್ನು ಕೈಬಿಟ್ಟರು. ಏಳು ವರ್ಷದ ಮಟ್ಟಿಗೆ ಒಂದು ವಿಶೇಷಣ ದೇಶದ ಮರ್ಯಾದೆಯನ್ನು ಕಾಯಿತು.

ಕಂಪ್ಯೂಟರಿನ ಲೋಕದಲ್ಲಿಯೂ ಇಂಥ ಪ್ರಯತ್ನ ನಡೆಯಿತು, ತಡವಾಗಿ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಒಪ್ಪಿತು. ಅದರ ಪ್ರಕಾರ ನಮ್ಮ ಡಿಸ್ಕು 500 ಗಿಗಾಬೈಟು, ಅಥವಾ 465 ಗಿಬಿಬೈಟು. ಸಮಸ್ಯೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಹೆಸರು ಹುಟ್ಟುವ ವೇಳೆಗೆ ಹಳೆಯ ಬಳಕೆ ನಾಲಗೆಯಲ್ಲಿ ಬೇರುಬಿಟ್ಟಿತ್ತು. ಪಾರಿಭಾಷಿಕ ಪದಗಳನ್ನು ಟಂಕಿಸಿ ಕೋಶ ತುಂಬಿಸಿದ ನಮ್ಮ ಅನುಭವವೂ ಇದೇ ಅಲ್ಲವೆ? ಪದ ಬೇಕಾದಾಗ ಸಿಕ್ಕಿದರೆ ಜನ ಎತ್ತಿಕೊಳ್ಳುತ್ತಾರೆ. ಮೂವತ್ತು ನಲವತ್ತು ವರ್ಷ ತಡವಾದರೆ ಅದು ಕೋಶದಲ್ಲಿಯೇ ವಿಶ್ರಮಿಸುತ್ತದೆ. ಕೆಲವು ತಂತ್ರಜ್ಞರು ಗಿಬಿ ಎನ್ನುತ್ತಾರೆ. ಆಪಲ್ ಸಂಸ್ಥೆ 2009ರಲ್ಲಿ ತನ್ನ ಕಂಪ್ಯೂಟರುಗಳಲ್ಲಿ ಡಿಸ್ಕಿನ ಲೆಕ್ಕವನ್ನು ಹತ್ತರ ಪದ್ಧತಿಗೆ ತಿರುಗಿಸಿತು. ವಿಂಡೋಸ್ ಮಾತ್ರ ಇಂದಿಗೂ 1024ರಿಂದ ಅಳೆದು ಜಿ.ಬಿ. ಎಂದೇ ಬರೆಯುತ್ತದೆ.

ಇನ್ನೊಂದು ತೊಡಕನ್ನು ಕನ್ನಡಿಗನಾಗಿ ಹೇಳಬೇಕು. ಇಂಟರ್‌ನೆಟ್ಟಿನ ವೇಗವನ್ನು ಮಾರುವವರು ಬಿಟ್ಟುಗಳಲ್ಲಿ ಹೇಳುತ್ತಾರೆ. ನಾವು ಇಳಿಸಿಕೊಳ್ಳುವ ಚಲನಚಿತ್ರದ ಗಾತ್ರವನ್ನು ಬೈಟುಗಳಲ್ಲಿ ಹೇಳುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟು ಮಾತ್ರ. ಒಂದು ಗಿಗಾಬೈಟಿನ ಚಿತ್ರ ಹತ್ತು ಸೆಕೆಂಡಿನಲ್ಲಿ ಬರುವುದೆಂದು ಕಾದವನು ಎಂಬತ್ತು ಸೆಕೆಂಡು ಕಾಯುತ್ತಾನೆ. ಇಂಗ್ಲಿಷಿನಲ್ಲಿ ಈ ಎಂಟುಪಟ್ಟು ಅಂತರವೆಲ್ಲ ನಿಂತಿರುವುದು ‘ಬಿ’ ಎಂಬ ಅಕ್ಷರ ದೊಡ್ಡದೋ ಸಣ್ಣದೋ ಎಂಬುದರ ಮೇಲೆ. ಕನ್ನಡದ ಅಕ್ಷರಗಳಲ್ಲಿ ದೊಡ್ಡದು ಸಣ್ಣದೆಂಬ ಭೇದವೇ ಇಲ್ಲ. ‘ಎಂ.ಬಿ.’ ಎಂದು ಕನ್ನಡದಲ್ಲಿ ಅಚ್ಚಾದ ಜಾಹೀರಾತಿನಿಂದ ಯಾವುದೆಂದು ತಿಳಿಯಲು ಯಾವ ಪಂಡಿತನಿಗೂ ಸಾಧ್ಯವಿಲ್ಲ. ಬಿಟ್, ಬೈಟ್ ಎಂದು ಪೂರ್ತಿ ಬರೆದರೆ ನಾಲ್ಕು ಅಕ್ಷರದ ಮಸಿ ಹೆಚ್ಚು ಖರ್ಚಾಗುತ್ತದೆ, ಅಷ್ಟೇ.

“ಕೊಳ್ಳುವವನು ಎಚ್ಚರವಾಗಿರಬೇಕು, ಕಲಿತವರಿಗೆ ಇಷ್ಟು ಗುಣಾಕಾರ ಬಾರದೆ?” ಎನ್ನುವವರಿದ್ದಾರೆ. ಬರುತ್ತದೆ. ಆದರೆ ಗುಣಿಸಬೇಕೆಂದು ತೋರುವುದು ಎರಡು ಅಳತೆಗಳಿವೆ ಎಂದು ಗೊತ್ತಿದ್ದವನಿಗೆ. ಒಂದೇ ಅಳತೆಯನ್ನು ಬಲ್ಲವನು ಯಾವ ಕಾರಣಕ್ಕೆ ಅನುಮಾನಪಟ್ಟಾನು? ಆದುದರಿಂದ, ಎರಡನ್ನೂ ಬಲ್ಲವನೇ ಒಂದನ್ನು ಬಲ್ಲವನಿಗಾಗಿ ಪರಿವರ್ತಿಸಿ ಹೇಳತಕ್ಕದ್ದು ಎಂಬುದೇ ನನಗೆ ಇಲ್ಲಿ ಕಾಣುವ ಧರ್ಮ. ಜ್ಞಾನ ಯಾರ ಕಡೆ ಹೆಚ್ಚಿದೆಯೋ ಪರಿವರ್ತನೆಯ ಭಾರವೂ ಅವರ ಕಡೆ. ಇದು ಡಿಸ್ಕಿಗೆ ಮಾತ್ರ ಸಲ್ಲುವ ನಿಯಮವಲ್ಲ. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂದು ಕೈಸಾಲ ಕೊಡುವವನ ಮಾತಿನಲ್ಲಿ ತಿಂಗಳೆಂಬುದು ಅಡಗಿರುತ್ತದೆ; ವರ್ಷಕ್ಕೆ ಇಪ್ಪತ್ತನಾಲ್ಕು ಎಂದು ಅವನು ಬಿಡಿಸಿ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಫ್ಲಾಟು ಕೊಂಡವರನ್ನು ಕೇಳಿ: ಮೆಟ್ಟಲು, ಲಿಫ್ಟು, ಮೊಗಸಾಲೆಗಳ ಪಾಲನ್ನೂ ಸೇರಿಸಿದ ‘ಸೂಪರ್ ಬಿಲ್ಟ್ ಅಪ್’ ಚದರಡಿ ಕಾಗದದಲ್ಲಿ, ಚಾಪೆ ಹಾಸಲು ಸಿಕ್ಕುವ ಚದರಡಿ ಬೇರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಕಟ್ಟಿ ಮಾರುವವನೇ ‘ಕಾರ್ಪೆಟ್ ಏರಿಯಾ’ ಎಷ್ಟೆಂದು ತಿಳಿಸಬೇಕೆಂದು ವಿಧಿಸಿತು. ಭಾರ ಎಲ್ಲಿರಬೇಕೆಂಬುದನ್ನು ಶಾಸನ ಅಲ್ಲಿ ಸರಿಯಾಗಿ ಗುರುತಿಸಿದೆ.

ಡಿಸ್ಕಿನ ವಿಷಯದಲ್ಲಿಯೂ ಕೇಳುವುದು ಹೆಚ್ಚೇನಲ್ಲ. ಪೆಟ್ಟಿಗೆಯ ಮೇಲೆ 500 ಎಂಬುದರ ಪಕ್ಕದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ, “ನಿಮ್ಮ ಕಂಪ್ಯೂಟರು ಇದನ್ನು 465 ಎಂದು ತೋರಿಸಬಹುದು” ಎಂದು ಒಂದು ಸಾಲು ಅಚ್ಚಾದರೆ ಸಾಕು. ಅಥವಾ ಪರದೆಯ ಮೇಲೆ 465ರ ಮುಂದೆ ಗಿಗಾ ಎನ್ನುವ ಬದಲು ಗಿಬಿ ಎಂದು ಬಂದರೆ ಸಾಕು. ಇಬ್ಬರಲ್ಲಿ ಯಾರೊಬ್ಬರು ಮನಸ್ಸು ಮಾಡಿದರೂ ತೀರುವ ವ್ಯಾಜ್ಯವಿದು. ಇಬ್ಬರೂ ತಮ್ಮ ಮಾತು ಸರಿಯೆಂದು ಬಲ್ಲರು. ಸರಿಯೆಂದು ಬಲ್ಲುದರಿಂದಲೇ ಸುಮ್ಮನಿದ್ದಾರೆ. ಅಲ್ಲಿಯವರೆಗೆ ಪ್ರತಿ ಮನೆಯಲ್ಲಿಯೂ ಯಾರೋ ಒಬ್ಬರು ಹೊಸ ಡಿಸ್ಕಿನ ಮುಂದೆ ಕುಳಿತು, ಉಳಿದ ಮೂವತ್ತೈದು ಎಲ್ಲಿ ಎಂದು ಕೇಳುತ್ತಿರುತ್ತಾರೆ. ಪಕ್ಕದಲ್ಲಿ ಲೆಕ್ಕ ಬಲ್ಲವರಿದ್ದರೆ “ಎರಡೂ ಸರಿ” ಎಂದು ನಕ್ಕುಬಿಡದೆ, ಎರಡು ನಿಮಿಷ ಕುಳಿತು ಭಾಗಿಸಿ ತೋರಿಸಲಿ.